ಅವಸರವಿಲ್ಲದ ಸಾಂಗತ್ಯ: ತಂತ್ರ ದಂಪತಿಗೆ ಕೊಡುವುದೇನು?

ಮಲೆನಾಡಿಗೆ ಶಿವ–ಶಕ್ತಿಯರ ಆರಾಧನೆ ಹೊಸತಲ್ಲ. ಆ ದರ್ಶನದಿಂದ ಇಂದಿನ ಗಂಡ–ಹೆಂಡತಿ ತಮ್ಮ ಕೋಣೆಯೊಳಕ್ಕೆ ಏನನ್ನು ಒಯ್ಯಬಹುದು? ಮಾತು, ಉಸಿರು, ನೋಟ, ಸ್ಪರ್ಶ: ದೀಕ್ಷೆಯೂ ದಕ್ಷಿಣೆಯೂ ಬೇಡದ ನಾಲ್ಕು ಅಭ್ಯಾಸಗಳು ಇಲ್ಲಿವೆ.

ಸಾಗರದ ಸಮೀಪದ ಇಕ್ಕೇರಿಗೆ ಹೋದವರು ಅಘೋರೇಶ್ವರ ದೇಗುಲದ ನಂದಿಯನ್ನು ನೋಡುತ್ತಾರೆ, ಕಂಬಗಳ ಕೆತ್ತನೆ ನೋಡುತ್ತಾರೆ, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಗರ್ಭಗುಡಿಯ ಪೀಠದ ಮೇಲೆ ಕಣ್ಣು ನಿಲ್ಲಿಸುವವರು ಕಡಿಮೆ. ಗುಡಿಯೊಳಗಿನ ಬಹುಪಾಲು ಜಾಗವನ್ನು ಆವರಿಸಿರುವ ಆ ಪೀಠದ ಸುತ್ತಲೂ ಕುಳಿತ ಭಂಗಿಯ 32 ಸ್ತ್ರೀ ಮೂರ್ತಿಗಳಿವೆ. ಶಿವನ ಐದು ಮುಖಗಳಲ್ಲಿ ಒಂದಾದ ಅಘೋರನಿಗೆ ಕೆಳದಿ ಅರಸರ ಕಾಲದ ಶಿಲ್ಪಿಗಳು ಕೊಟ್ಟ ಆಸನ ಅದು. ಶಕ್ತಿಯ ಆಧಾರವಿಲ್ಲದೆ ಶಿವನಿಗೆ ನೆಲೆಯಿಲ್ಲ ಎಂಬ ಮಾತನ್ನು ಆ ಕಲ್ಲಿನಲ್ಲೇ ಓದಿಕೊಳ್ಳಬಹುದು. ತೀರ್ಥಹಳ್ಳಿಗೆ ನೆರೆಯ ಶೃಂಗೇರಿಯಲ್ಲಿ ದೇವಿಯನ್ನು ಆರಾಧಿಸುವ ಶ್ರೀವಿದ್ಯಾ ಪರಂಪರೆಯಲ್ಲೂ ಇದೇ ಭಾವವಿದೆ. ಶಂಕರರ ಹೆಸರಿನಲ್ಲಿರುವ ‘ಸೌಂದರ್ಯಲಹರಿ’ ಆರಂಭವಾಗುವುದೇ ಶಕ್ತಿಯೊಡನೆ ಕೂಡಿದ ಶಿವನಿಂದ.

ದಾಂಪತ್ಯದ ಆಪ್ತತೆಗೆ ತಂತ್ರ ಕೊಡುವ ಮೊದಲ ಪಾಠ ಇದು: ಜೊತೆಗಿರುವ ಜೀವ ನನ್ನ ಸೇವೆಗೆ ಬಂದದ್ದಲ್ಲ, ನನ್ನಷ್ಟೇ ಪೂಜ್ಯವಾದದ್ದು.

ಹಳೆಯ ತಂತ್ರ, ಹೊಸ ತಂತ್ರ

ಶಾಸ್ತ್ರದ ತಂತ್ರದಲ್ಲಿ ದೊಡ್ಡ ಪಾಲು ಮಂತ್ರ, ಯಂತ್ರ, ನ್ಯಾಸ, ಧ್ಯಾನ, ಪೂಜೆಗಳದ್ದು. ಸ್ತ್ರೀ–ಪುರುಷರ ಕೂಟವನ್ನೇ ಸಾಧನೆಯಾಗಿಸಿಕೊಂಡ ಕೌಲಮಾರ್ಗ ಅದರೊಳಗಿನ ಒಂದು ಕವಲು. ಅದೂ ದೀಕ್ಷೆ ಪಡೆದವರಿಗೆ, ಮುಕ್ತಿಯ ಗುರಿಗೆ. ದಂಪತಿಗಾಗಿ ಇಂದು ಕಲಿಸುವ ತಂತ್ರ ರೂಪುಗೊಂಡದ್ದು 20ನೇ ಶತಮಾನದಲ್ಲಿ, ಹೆಚ್ಚಾಗಿ ಪಶ್ಚಿಮದ ದೇಶಗಳಲ್ಲಿ. 1972–73ರಲ್ಲಿ ಓಶೋ ಮುಂಬೈಯಲ್ಲಿ ‘ವಿಜ್ಞಾನಭೈರವ’ ಎಂಬ ತಂತ್ರಗ್ರಂಥದ 112 ಧಾರಣೆಗಳ, ಅಂದರೆ ಧ್ಯಾನಕ್ರಮಗಳ ಕುರಿತು ಮಾಡಿದ ಪ್ರವಚನಗಳು ಅದಕ್ಕೆ ದೊಡ್ಡ ಪ್ರೇರಣೆಯಾದವು.

ಈ ವ್ಯತ್ಯಾಸ ಗೊತ್ತಿದ್ದರೆ ಮೋಸ ಹೋಗುವ ಭಯವಿಲ್ಲ. ಹಳೆಯ ಗ್ರಂಥಗಳಲ್ಲಿ ದಂಪತಿಗೆ ದಕ್ಕುವಂಥ ತಿರುಳೂ ಇದೆ: ದೇಹವನ್ನು ಹೀಗಳೆಯದ ದೃಷ್ಟಿ, ಉಸಿರಿನ ಮೇಲಿನ ಗಮನ, ಗುರಿ ಮುಟ್ಟುವ ಧಾವಂತವಿಲ್ಲದ ನಿಧಾನ.

ಮೊದಲು ಮಾತು

ತಂತ್ರಗ್ರಂಥಗಳಲ್ಲಿ ಬಹಳಷ್ಟು ಶಿವ–ಪಾರ್ವತಿಯರ ಸಂಭಾಷಣೆಗಳು. ಆಗಮದಲ್ಲಿ ದೇವಿ ಕೇಳುತ್ತಾಳೆ, ಶಿವ ಹೇಳುತ್ತಾನೆ. ನಿಗಮವೆನ್ನುವ ಬಗೆಯಲ್ಲಿ ಶಿವ ಕೇಳುತ್ತಾನೆ, ದೇವಿ ಹೇಳುತ್ತಾಳೆ. ಮನೆಯಲ್ಲೂ ಇದನ್ನು ಪಾಳಿಯ ಮೇಲೆ ಮಾಡಬಹುದು. ಹತ್ತು ನಿಮಿಷ ಒಬ್ಬರ ಮಾತು, ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಅದಲು ಬದಲು. ತೋಟದ ಲೆಕ್ಕ, ಮಕ್ಕಳ ಫೀಸು, ಅತ್ತೆಯ ಔಷಧಿ ಇಲ್ಲಿ ಬೇಡ. ಯಾವುದು ಹಿತ, ಯಾವುದು ಬೇಡ, ಯಾವುದಕ್ಕೆ ಭಯ ಎಂಬುದಷ್ಟೇ ವಿಷಯ. ‘ಇವತ್ತು ಬೇಡ’ ಎಂದರೆ ಮುಖ ಊದಿಸಿಕೊಳ್ಳದೆ ಒಪ್ಪಿಕೊಳ್ಳುವುದು ಈ ಸಾಧನೆಯ ಅಡಿಪಾಯ. ಒಪ್ಪಿಗೆಯಿಲ್ಲದ ಕಡೆ ತಂತ್ರವೂ ಇಲ್ಲ, ಪ್ರೀತಿಯೂ ಇಲ್ಲ.

ಉಸಿರು, ನೋಟ

ಮೊಬೈಲು ಬೇರೆ ಕೋಣೆಯಲ್ಲಿರಲಿ. ಎದುರು ಬದುರು ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂರಬಹುದು. ಕಣ್ಣು ಮುಚ್ಚಿ ನಿಮ್ಮ ಉಸಿರನ್ನು ಗಮನಿಸಿ, ಆಮೇಲೆ ಜೊತೆಗಾರರ ಉಸಿರಿಗೆ ಕಿವಿಗೊಡಿ. ಒತ್ತಾಯ ಮಾಡದೆ ಎರಡೂ ಒಂದೇ ಲಯಕ್ಕೆ ಬರಲಿ. ಬಳಿಕ ಕಣ್ಣು ತೆರೆದು ಒಬ್ಬರನ್ನೊಬ್ಬರು ನೋಡಿ. ಮೊದಮೊದಲು ನಗು ಬರುತ್ತದೆ, ಸಂಕೋಚವಾಗುತ್ತದೆ. ನಗು ಬಂದರೆ ನಕ್ಕು ಮತ್ತೆ ನೋಡಿ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದರೂ ಬಿಡುವಾಗಿ ಒಬ್ಬರ ಮುಖ ಒಬ್ಬರು ನೋಡದ ದಂಪತಿ ಎಷ್ಟೋ ಇದ್ದಾರೆ. ಐದು ನಿಮಿಷದ ಆ ನೋಟ ಹಲವರಿಗೆ ಕಣ್ಣೀರು ತರಿಸುತ್ತದೆ.

ಸ್ಪರ್ಶವೆಂಬ ನ್ಯಾಸ

ಸಂಧ್ಯಾವಂದನೆಯ ಮನೆಗಳಲ್ಲಿ ಅಂಗನ್ಯಾಸ, ಕರನ್ಯಾಸ ಪರಿಚಿತ. ಹೃದಯ, ಶಿರಸ್ಸು, ಶಿಖೆಗಳನ್ನು ಮುಟ್ಟುತ್ತ ಮಂತ್ರವನ್ನು ದೇಹದಲ್ಲಿ ನೆಲೆಗೊಳಿಸುವ ಕ್ರಮ ಅದು. ಗಮನವಿಟ್ಟು ಮುಟ್ಟುವ ಈ ರೀತಿಯನ್ನು ದಂಪತಿ ತಮ್ಮದಾಗಿಸಿಕೊಳ್ಳಬಹುದು. ಹಣೆ, ಹೆಗಲು, ಬೆನ್ನು, ಅಂಗೈ, ಪಾದ: ಒಂದೊಂದರ ಮೇಲೂ ಕೈಯಿಟ್ಟು ಕೆಲವು ಉಸಿರಿನ ಹೊತ್ತು ನಿಲ್ಲಿ.

ಇದಕ್ಕೆ ಮಲೆನಾಡಿನ ಬಚ್ಚಲುಮನೆಗಿಂತ ಒಳ್ಳೆಯ ಜಾಗ ಬೇಕೆ? ಒಲೆಯ ಮೇಲೆ ಹಂಡೆ ಕಾಯುತ್ತಿರುತ್ತದೆ. ಬಟ್ಟಲಲ್ಲಿ ತೆಂಗಿನೆಣ್ಣೆ ಉಗುರುಬೆಚ್ಚಗಾಗಿರುತ್ತದೆ. ದೀಪಾವಳಿಯ ನೆತ್ತಿಗೆಣ್ಣೆಗೆ ಕಾಯದೆ, ಅಡಿಕೆ ಸುಲಿದು ಸೋತ ಹೆಂಡತಿಯ ಬೆರಳುಗಳಿಗೆ, ದಬ್ಬೆ ಕಟ್ಟಿ ಹೊತ್ತು ನೊಂದ ಗಂಡನ ಭುಜಕ್ಕೆ ಎಣ್ಣೆ ತಿಕ್ಕಲಿ. ಬೆರಳ ಸಂದಿಯಲ್ಲಿ ಚೊಗರಿನ ಕಪ್ಪು ಕಲೆ ಉಳಿದಿದ್ದರೆ ಅದನ್ನೂ ನಿಧಾನವಾಗಿ ತೀಡಲಿ. ಇದು ಮುಂದಿನದಕ್ಕೆ ಪೀಠಿಕೆಯಾಗಬೇಕಿಲ್ಲ, ಅಲ್ಲಿಗೇ ಮುಗಿದರೂ ಪೂರ್ಣ.

ವೈದ್ಯವಿಜ್ಞಾನವೂ ಹೆಚ್ಚುಕಡಿಮೆ ಇದೇ ದಾರಿಗೆ ಬಂದಿದೆ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸಾ ಕ್ರಮದಲ್ಲಿ ದಂಪತಿ ಮೊದಲ ಹಂತದಲ್ಲಿ ಸಂಭೋಗವನ್ನು ಪೂರ್ತಿ ಬದಿಗಿಟ್ಟು, ಸ್ಪರ್ಶವನ್ನಷ್ಟೇ ಅಭ್ಯಾಸ ಮಾಡಬೇಕು. ‘ಸಾಧ್ಯವಾಗುತ್ತದೋ ಇಲ್ಲವೋ’ ಎಂಬ ಆತಂಕ ಕಳಚಿದಾಗ ಮೈ ತಾನಾಗಿ ಸ್ಪಂದಿಸುತ್ತದೆ. ಲೈಂಗಿಕ ತಜ್ಞರು ಇಂದಿಗೂ ಈ ಕ್ರಮವನ್ನು ಬಳಸುತ್ತಾರೆ.

ತೀರ್ಥಹಳ್ಳಿ ತೋರಿದ ದಾರಿ

ಈ ವಿಷಯ ಕನ್ನಡದಲ್ಲಿ ನಾಚಿಕೆಯಿಲ್ಲದೆ ಆಡಬಹುದಾದ ಮಾತಾಗಲು ಕಾರಣರಾದವರಲ್ಲಿ ಒಬ್ಬರು ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ (1934–1991). ವೈದ್ಯೆಯಾಗಿ ಹೆಂಗಸರ ಸಂಕಟಗಳನ್ನು ಹತ್ತಿರದಿಂದ ಕಂಡ ಅವರು ಬರೆದ ‘ದಾಂಪತ್ಯ ದೀಪಿಕೆ’ ಎಷ್ಟೋ ಮನೆಗಳಿಗೆ ಲೈಂಗಿಕ ತಿಳಿವಳಿಕೆಯ ಮೊದಲ ಪುಸ್ತಕವಾಯಿತು.

ಇದೇ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಪತ್ನಿ ಹೇಮಾವತಿಯವರ ಮೇಲಿನ ಒಲವನ್ನು ಮುಚ್ಚಿಡದೆ ಕವಿತೆಯಾಗಿಸಿದರು, ದಾಂಪತ್ಯಪ್ರೇಮಕ್ಕೆ ಅಧ್ಯಾತ್ಮದ ಎತ್ತರ ಕೊಟ್ಟರು. ಅವರು ರೂಪಿಸಿದ ‘ಮಂತ್ರ ಮಾಂಗಲ್ಯ’ದಂತೆ 1966ರಲ್ಲಿ ಕುಪ್ಪಳಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಮದುವೆಯಾದರು. ಆಡಂಬರವಿಲ್ಲದ, ಹೆಣ್ಣು–ಗಂಡು ಸಮಾನರೆಂದು ಸಾರುವ ಮದುವೆ ಅದು. ಸಮಾನತೆ ಮಂಟಪದಿಂದ ಮಲಗುವ ಕೋಣೆಗೂ ಬರಬೇಕು. ಹಗಲೆಲ್ಲ ಗದರಿಸಿದವರಿಗೆ ರಾತ್ರಿ ಯಾವ ತಂತ್ರವೂ ಫಲಿಸದು.

ಎಚ್ಚರ ಇರಲಿ

ವಶೀಕರಣ, ದಾಂಪತ್ಯ ದೋಷ ಪರಿಹಾರ ಎನ್ನುವ ಗೋಡೆ ಚೀಟಿಗಳಿಗೂ ಇಲ್ಲಿ ಹೇಳಿದ್ದಕ್ಕೂ ಸಂಬಂಧವಿಲ್ಲ. ಗುಟ್ಟಿನ ದೀಕ್ಷೆಯ ಹೆಸರಿನಲ್ಲಿ ಮೈ ಮುಟ್ಟುವ, ಹಣ ಕೇಳುವ, ದಂಪತಿಯಲ್ಲಿ ಒಬ್ಬರನ್ನೇ ಬರಹೇಳುವ ‘ಗುರು’ವಿನಿಂದ ದೂರವಿರಿ. ವಾಮಾಚಾರ ತಡೆಗೆ ಕರ್ನಾಟಕದಲ್ಲಿ 2017ರ ಕಾಯ್ದೆಯಿದೆ, ದೂರು ಕೊಡಲು ಹಿಂಜರಿಯಬೇಡಿ. ನೋವು, ರಕ್ತಸ್ರಾವ, ನಿಮಿರು ದೌರ್ಬಲ್ಯ, ಮುಟ್ಟು ನಿಂತ ಮೇಲಿನ ಒಣತನ ಇವೆಲ್ಲ ವೈದ್ಯರಿಗೆ ಹೇಳಬೇಕಾದ ಸಂಗತಿಗಳು. ಸಕ್ಕರೆ ಕಾಯಿಲೆಯೂ ಕೆಲವು ಮಾತ್ರೆಗಳೂ ಇಂಥ ತೊಂದರೆ ತರಬಲ್ಲವು. ಚಿಕಿತ್ಸೆಯಿದೆ.

ಮನೆಯವರಿಗೊಂದು ಮಾತು

ನಮ್ಮ ತುಂಬಿದ ಮನೆಗಳಲ್ಲಿ ಗಂಡ–ಹೆಂಡತಿಗೆ ಏಕಾಂತವೇ ದುರ್ಲಭ. ಹಲಗೆ ಗೋಡೆಯ ಆಚೆ ಮಾವನ ಕೆಮ್ಮು, ಈಚೆ ಮಕ್ಕಳ ಹಾಸಿಗೆ. ಸುಗ್ಗಿಯಲ್ಲಿ ನಡುರಾತ್ರಿಯವರೆಗೂ ಸುಲಿಯುವ ಕೆಲಸ. ಹಿರಿಯರು ವಾರದಲ್ಲೊಂದು ಸಂಜೆ ಮೊಮ್ಮಕ್ಕಳನ್ನು ತಮ್ಮ ಬಳಿ ಮಲಗಿಸಿಕೊಳ್ಳಲಿ. ಮದುವೆಯಾಗಿ ಇಪ್ಪತ್ತು ವರ್ಷವಾದ ಮಗ–ಸೊಸೆಗೂ, ಎಪ್ಪತ್ತರ ಅಪ್ಪ–ಅಮ್ಮನಿಗೂ ಈ ಬಿಡುವು ಬೇಕು. ಹೊಸ ಮನೆ ಕಟ್ಟಿಸುವಾಗ ಅಡಿಕೆಗೆ ಅಂಗಳ, ದನಕ್ಕೆ ಕೊಟ್ಟಿಗೆ, ದೇವರಿಗೆ ಕೋಣೆ ಎಂದು ಮುಂಚೆಯೇ ಯೋಚಿಸುತ್ತೇವೆ. ಮನೆಯ ಪ್ರತಿ ಜೋಡಿಗೂ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಆ ನಕ್ಷೆಯಲ್ಲಿ ಇರಲೇಬೇಕು.