ಒಂದೇ ಗಾಳಿಗೆ ಎರಡು ಹಾಯಿ

ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಬಂದರಿನಿಂದ ಜುಲೈ ಹೊತ್ತಿಗೆ ಹಾಯಿದೋಣಿಗಳ ಹಿಂಡು ಇಂಡೋನೇಷ್ಯಾದ ಕಡೆಗೆ ಹೊರಡುತ್ತದೆ. ಹೆಸರಿಗೆ ರ‍್ಯಾಲಿ. ಪೈಪೋಟಿಯಿಲ್ಲ, ಮೊದಲು ಮುಟ್ಟಿದವರಿಗೆ ಬಹುಮಾನವೂ ಇಲ್ಲ. ಉದ್ಯೋಗದಿಂದ ನಿವೃತ್ತರಾಗಿ ದೋಣಿಯನ್ನೇ ಮನೆ ಮಾಡಿಕೊಂಡ ದಂಪತಿಗಳು ಇಂಥ ಗುಂಪಿನಲ್ಲಿ ಸಾಮಾನ್ಯ. ಒಟ್ಟಿಗೆ ಹೋಗುವುದಕ್ಕೆ ಸಮುದ್ರದ ಭಯಕ್ಕಿಂತ ಸರ್ಕಾರಿ ಕಚೇರಿಯ ಭಯ ದೊಡ್ಡ ಕಾರಣವಾಗಿತ್ತು. ವಿದೇಶಿ ದೋಣಿಗಳು ಇಂಡೋನೇಷ್ಯಾದ ಕಡಲಲ್ಲಿ ಅಲೆಯಲು ಮುಂಚೆ ವಿಶೇಷ ಪರವಾನಗಿ ಬೇಕಿತ್ತು, ಆ ಕಾಗದಪತ್ರವನ್ನು ಸಂಘಟಕರೇ ಮಾಡಿಸಿಕೊಡುತ್ತಿದ್ದರು. 2015ರ ಸುಮಾರಿಗೆ ಆ ನಿಯಮ ಹೋಯಿತು, ರ‍್ಯಾಲಿ ಮಾತ್ರ ಉಳಿಯಿತು.

ಸುಮಾರು 470 ನಾಟಿಕಲ್ ಮೈಲಿ ದಾಟಿದರೆ ತಿಮೋರ್ ದ್ವೀಪದ ಕುಪಾಂಗ್. ಅಲ್ಲಿಂದ ಉತ್ತರಕ್ಕೆ ಲೆಂಬಾಟಾ ದ್ವೀಪ. ಹಲವು ರ‍್ಯಾಲಿಗಳು ಇಲ್ಲಿನ ಲೆವೊಲೆಬಾ ಪಟ್ಟಣದೆದುರು ಲಂಗರು ಹಾಕಿವೆ. ಕೊಲ್ಲಿಯ ಪಕ್ಕದಲ್ಲೇ ಲೆವೊಟೊಲೊಕ್ ಜ್ವಾಲಾಮುಖಿ, 2020ರ ನವೆಂಬರ್‌ನಲ್ಲಿ ಬೂದಿ ಕಾರಿ ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಿದ್ದು ಇದೇ. ಇಂಥ ನಿಲುಗಡೆಗಳಲ್ಲಿ ಕುಣಿತ, ಕೈಮಗ್ಗದ ಶಾಲು, ಅಧಿಕಾರಿಗಳ ಭಾಷಣ ಎಲ್ಲ ಇರುತ್ತದೆ. ಭಾಷಣ ಎಲ್ಲಿ ಹೋದರೂ ಭಾಷಣವೇ.

ನೋಡಬೇಕಾದ ಊರು ಇರುವುದು ದ್ವೀಪದ ಬೆನ್ನಿನಾಚೆ. ಲಮಲೆರಾ, ಸುಮಾರು ಎರಡು ಸಾವಿರ ಜನರ ಮೀನುಗಾರ ಹಳ್ಳಿ. ಸವು ಸಮುದ್ರಕ್ಕೆ ಬಾಯ್ತೆರೆದ ಅದರ ದಂಡೆಗೆ ಆಗ್ನೇಯದ ಗಾಳಿ ನೇರವಾಗಿ ಬಡಿಯುತ್ತದೆ. ಲಂಗರಿಗೆ ಆಸರೆಯಿಲ್ಲ. ಹಾಗಾಗಿ ಕಡಲು ದಾಟಿ ಬಂದವರು ದೋಣಿಗಳನ್ನು ಲೆವೊಲೆಬಾದಲ್ಲಿ ಬಿಟ್ಟು, ಹದಗೆಟ್ಟ ಗುಡ್ಡದ ದಾರಿಯಲ್ಲಿ ವಾಹನ ಹತ್ತಿ ಈ ಹಳ್ಳಿ ತಲುಪಬೇಕು.

ಅವರನ್ನು ತಂದ ಗಾಳಿಯೇ ಲಮಲೆರಾದ ತಿಮಿಂಗಿಲ ಬೇಟೆಯ ಕಾಲವನ್ನೂ ತರುತ್ತದೆ. ಮೇ 1ರಂದು ದಂಡೆಯ ಮೇಲೆ ಕ್ಯಾಥೊಲಿಕ್ ಪಾದ್ರಿ ಪೂಜೆ ಸಲ್ಲಿಸಿ ದೋಣಿಗಳನ್ನು ಆಶೀರ್ವದಿಸುತ್ತಾರೆ. ಮುಂದಿನ ತಿಂಗಳುಗಳಲ್ಲಿ ತಿಮಿಂಗಿಲ ಕಂಡವರು ‘ಬಲೆಯೋ’ ಎಂದು ಕೂಗಿದರೆ ಸಾಕು, ಕೂಗು ಬಾಯಿಂದ ಬಾಯಿಗೆ ಹಬ್ಬಿ ಗಂಡಸರು ದೋಣಿಮನೆಗಳತ್ತ ಓಡುತ್ತಾರೆ. ಇವರ ದೋಣಿ ‘ತೇನಾ’. ಹಲಗೆಗಳನ್ನು ಮರದ ಗೂಟಗಳಿಂದ ಕೂಡಿಸಿ, ಒಳಪಕ್ಕೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ್ದು, ಒಂದು ಮೊಳೆಯೂ ಇಲ್ಲ. ಹಾಯಿ ತಾಳೆಜಾತಿಯ ಗರಿಯಿಂದ ಹೆಣೆದ ಚಾಪೆ. ಮೂತಿಯ ಬಿದಿರ ಅಟ್ಟಣೆಯ ಮೇಲೆ ನಿಂತ ಲಾಮಾಫಾ, ಎಂದರೆ ಈಟಿಗಾರ, ಈಟಿಯನ್ನು ಎಸೆಯುವುದಿಲ್ಲ. ಅದರೊಂದಿಗೆ ತಾನೇ ಜಿಗಿದು, ಮೈಭಾರವನ್ನೆಲ್ಲ ಹಾಕಿ ಸ್ಪರ್ಮ್ ತಿಮಿಂಗಿಲದ ಬೆನ್ನಿಗೆ ಚುಚ್ಚುತ್ತಾನೆ. ನೀಲಿ ತಿಮಿಂಗಿಲವನ್ನು ಮುಟ್ಟುವಂತಿಲ್ಲ, ಪೂರ್ವಿಕರನ್ನು ಕಾಪಾಡಿದ್ದು ಅದು ಎಂಬ ನಂಬಿಕೆ.

ಮಾಂಸದ ಪಾಲು ಮೊದಲೇ ಗೊತ್ತಾದದ್ದು. ಈಟಿಗಾರ, ದೋಣಿ ಕಟ್ಟಿದವ, ಕಮ್ಮಾರ, ಹಾಯಿ ಹೆಣೆದವ, ಒಬ್ಬೊಬ್ಬರಿಗೂ ಪ್ರಾಣಿಯ ಇಂತಿಷ್ಟೇ ಭಾಗ. ಒಣಗಿದ ತುಂಡುಗಳನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಶನಿವಾರದ ವುಲಂಡೋನಿ ಸಂತೆಗೆ ಒಯ್ಯುತ್ತಾರೆ. ಗುಡ್ಡದ ಊರಿನವರು ಜೋಳ, ಬಾಳೆಹಣ್ಣು ತಂದು ಕಾದಿರುತ್ತಾರೆ. ಸಂತೆಯ ಉಸ್ತುವಾರಿ ಸೀಟಿ ಊದಿದ ಮೇಲೆ ವಿನಿಮಯ ಶುರು. ಕಲ್ಲು ಮಣ್ಣಿನ ಈ ಕರಾವಳಿಯಲ್ಲಿ ಬೆಳೆ ಹೆಚ್ಚು ಬಾರದು. ಊರಿನ ಅನ್ನ ತಿಮಿಂಗಿಲದ ಮೂಲಕವೇ ಬರಬೇಕು.

ಹೊರಗಿನವರಿಗೆ ಈ ಬೇಟೆಯನ್ನು ನುಂಗುವುದು ಸುಲಭವಲ್ಲ. ಜಗತ್ತಿನಾದ್ಯಂತ ತಿಮಿಂಗಿಲಗಳ ವಾಣಿಜ್ಯ ಬೇಟೆಗೆ 1986ರಿಂದ ತಡೆಯಿದೆ. ಆದರೆ ಅದನ್ನು ತಂದ ಅಂತರರಾಷ್ಟ್ರೀಯ ಆಯೋಗದಲ್ಲಿ ಇಂಡೋನೇಷ್ಯಾ ಸದಸ್ಯನಲ್ಲ, ಲಮಲೆರಾದ ಬೇಟೆ ಹೊಟ್ಟೆಪಾಡಿನದು. ಹೊರಗಿನ ಸಲಹೆ ಯಾವಾಗಲೂ ಒಂದೇ ದಿಕ್ಕಿನದೂ ಆಗಿರಲಿಲ್ಲ. ಇಂದು ಬಿಡಿ ಎನ್ನುತ್ತಾರೆ, 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ ನಾರ್ವೆಯ ಪರಿಣತನನ್ನು ಕಳಿಸಿ ಆಧುನಿಕ ಬೇಟೆ ಕಲಿಸಹೊರಟಿತ್ತು. ಯೋಜನೆ ಬಹುಕಾಲ ಬಾಳಲಿಲ್ಲ. ಊರಿನವರು ಈಟಿಯನ್ನೇ ನೆಚ್ಚಿಕೊಂಡರು.

ಬದಲಾವಣೆ ಬಂದದ್ದು ಬೇರೆ ಬಾಗಿಲಿನಿಂದ. ಹೊರಬದಿಯ ಮೋಟಾರು ಕಟ್ಟಿದ ಚಿಕ್ಕ ದೋಣಿಗಳನ್ನು ಇಲ್ಲಿಯವರು ‘ಜೋನ್ಸನ್’ ಎಂದು ಕರೆಯುತ್ತಾರೆ. ಈಗ ತೇನಾಗಳನ್ನು ಬೇಟೆಯ ಜಾಗಕ್ಕೆ ಎಳೆದೊಯ್ಯುವುದು ಅವೇ, ಗರಿಯ ಹಾಯಿ ಏರುವುದು ಅಪರೂಪವಾಗಿದೆ. ಹಾಯಿ ನೋಡಬಂದ ರ‍್ಯಾಲಿಯವರು ಇದಕ್ಕೆ ಬೇಸರಪಟ್ಟುಕೊಂಡರೆ ತುಸು ನಗು ಬರುತ್ತದೆ. ದ್ವೀಪಗಳ ಮರೆಯಲ್ಲಿ ಗಾಳಿ ಬಿದ್ದುಹೋದಾಗ ಅವರೂ ಎಂಜಿನ್ ಹಚ್ಚಿಯೇ ಸಾಗುವವರು. ಲೆವೊಲೆಬಾದಲ್ಲಿ ತರಕಾರಿ, ಕುಡಿಯುವ ನೀರಿನ ಜೊತೆಗೆ ಅವರು ಕ್ಯಾನುಗಟ್ಟಲೆ ತುಂಬಿಸಿಕೊಳ್ಳುವುದು ಡೀಸೆಲ್ಲನ್ನು.