ನಿಮಗಿದು ಗೊತ್ತೇ? ನಡುರಾತ್ರಿ ವೋಟು, ಆರೇ ಮತದಾರರು

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ದೇಶ ಇನ್ನೂ ಮಲಗಿರುವಾಗಲೇ ಫಲಿತಾಂಶ ಹೇಳಿಬಿಡುವ ಊರೊಂದಿದೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಉತ್ತರದ ಬೆಟ್ಟಗಳಲ್ಲಿರುವ ಡಿಕ್ಸ್‌ವಿಲ್ ನಾಚ್. ಆ ಸೀಮೆಯವರ ಮಾತಿನಲ್ಲಿ ‘ನಾಚ್’ ಎಂದರೆ ಘಾಟಿ. ರಾತ್ರಿ 12 ಹೊಡೆಯುತ್ತಿದ್ದಂತೆ ವೋಟು ಹಾಕಿ, ಎಣಿಸಿ, ಬೋರ್ಡಿನ ಮೇಲೆ ಬರೆದು ಮನೆಗೆ ಹೋಗುತ್ತಾರೆ.

2010ರ ಜನಗಣತಿಯಲ್ಲಿ ಇಲ್ಲಿದ್ದವರು 12 ಜನ. 2020ರಲ್ಲಿ 4. ಒಂದು ಪಂಕ್ತಿ ಊಟಕ್ಕೂ ಸಾಲದು!

ಮತದಾನದ ಪ್ರಮಾಣ ಶೇ. 100. ಇದರಲ್ಲಿ ಪ್ರಜ್ಞಾವಂತಿಕೆ ಎಷ್ಟೋ, ಕಾನೂನಿನ ಪಾಲೂ ಅಷ್ಟೇ ಇದೆ. ಪಟ್ಟಿಯಲ್ಲಿರುವ ಎಲ್ಲರ ವೋಟೂ ಬಿದ್ದಮೇಲೆ ಮಾತ್ರ ಸಣ್ಣ ಊರುಗಳು ಮತಗಟ್ಟೆಗೆ ಬೇಗ ಬಾಗಿಲು ಹಾಕಬಹುದು. ಒಬ್ಬ ನಿದ್ದೆ ಹೋದರೆ ಉಳಿದವರೆಲ್ಲ ಕಾಯಬೇಕು. 2012ರಲ್ಲಿ ಹತ್ತು ಜನ ವೋಟು ಹಾಕಿ ಮುಗಿಸಲು ಹಿಡಿದದ್ದು 43 ಸೆಕೆಂಡು. ಅದೇ ದೇಶದ ಒಟ್ಟು ಲೆಕ್ಕ ನೋಡಿ: ದಾಖಲೆಯ ಮತದಾನವಾಯಿತು ಎಂದು ಸಂಭ್ರಮಿಸಿದ 2020ರಲ್ಲೂ ಅರ್ಹರಲ್ಲಿ ಸುಮಾರು ಮೂರನೇ ಒಂದು ಭಾಗ ವೋಟೇ ಹಾಕಲಿಲ್ಲ.

ನಡುರಾತ್ರಿಯ ಮತದಾನ ಡಿಕ್ಸ್‌ವಿಲ್‌ನವರ ಆವಿಷ್ಕಾರವಲ್ಲ. ಅದೇ ರಾಜ್ಯದ ಹಾರ್ಟ್ಸ್ ಲೊಕೇಶನ್ ಎಂಬ ಊರು 1948ರಲ್ಲೇ ಶುರುಮಾಡಿತ್ತು. ಅಲ್ಲಿನ ರೈಲ್ವೆ ಕೆಲಸಗಾರರು ಮತಗಟ್ಟೆ ತೆರೆಯುವ ಮೊದಲೇ ಕೆಲಸಕ್ಕೆ ಹೊರಡಬೇಕಿತ್ತು, ಅದಕ್ಕೆ. 1964ರಲ್ಲಿ ಪತ್ರಕರ್ತರ ಕಾಟ ಸಾಕಾಗಿ ನಿಲ್ಲಿಸಿದರು, 1996ರಲ್ಲಿ ಮತ್ತೆ ಹಿಡಿದರು. ಅಗತ್ಯಕ್ಕೆ ಹುಟ್ಟಿದ್ದು ಅಲ್ಲಿ, ಹೆಸರು ಬಂದದ್ದು ಇಲ್ಲಿ.

ಹೆಸರು ತಂದವರು ನೀಲ್ ಟಿಲಟ್ಸನ್. ಡಿಕ್ಸ್‌ವಿಲ್‌ನ ‘ಬಾಲ್ಸಮ್ಸ್’ ಎಂಬ ದೊಡ್ಡ ಹೋಟೆಲಿನ ಮಾಲೀಕರು. ಅದಕ್ಕೂ ಮೊದಲು ರಬ್ಬರ್ ಉದ್ಯಮಿ. 1931ರಲ್ಲಿ ಬೆಕ್ಕಿನ ಮುಖದ ಬಲೂನು ತಯಾರಿಸಿ ಮಾರಿದವರು. 1960ರಿಂದ ಪ್ರತಿ ಸಲವೂ ಮೊದಲ ವೋಟು ಇವರದೇ. ಮತಪತ್ರವನ್ನು ಪೆಟ್ಟಿಗೆಯ ಮೇಲೆ ಹಿಡಿದು, ಗಡಿಯಾರ ನೋಡುತ್ತ ನಿಂತು, 12ಕ್ಕೆ ಸರಿಯಾಗಿ ಬಿಡುತ್ತಿದ್ದರು. 2001ರಲ್ಲಿ ತೀರಿಕೊಂಡಾಗ ವಯಸ್ಸು 102. ಹೋಟೆಲು 2011ರಲ್ಲಿ ಮುಚ್ಚಿತು. ಜನಗಣತಿಯ ಅಂಕಿ ಯಾಕೆ ಕರಗಿತು ಎಂಬುದಕ್ಕೆ ಉತ್ತರ ಬಹುಪಾಲು ಇಲ್ಲೇ ಇದೆ.

ಊರಿನ ಒಲವು ಯಾವ ಕಡೆ? 1960ರಲ್ಲಿ ನಿಕ್ಸನ್‌ಗೆ 9, ಕೆನಡಿಗೆ ಸೊನ್ನೆ. ಗೆದ್ದದ್ದು ಕೆನಡಿ. 1968ರಲ್ಲಿ ಊರು ಡೆಮಾಕ್ರಟಿಕ್ ಪಕ್ಷದ ಹಂಫ್ರಿಯನ್ನು ಗೆಲ್ಲಿಸಿತು, ದೇಶ ನಿಕ್ಸನ್‌ರನ್ನು. ಆಮೇಲೆ 40 ವರ್ಷ ಡೆಮಾಕ್ರಟರಿಗೆ ಇಲ್ಲಿ ಗೆಲುವಿಲ್ಲ. 1992ರಲ್ಲಂತೂ ಅಧ್ಯಕ್ಷರಾಗಲಿದ್ದ ಕ್ಲಿಂಟನ್‌ಗೆ ಬಿದ್ದದ್ದು ಎರಡೇ ವೋಟು. 2008ರಲ್ಲಿ ಒಬಾಮ 15, ಮೆಕೇನ್ 6 ಆದಾಗ ಆ ಸರಣಿ ಮುರಿಯಿತು. 2012ರಲ್ಲಿ 5–5, ಊರಿನ ಇತಿಹಾಸದ ಮೊದಲ ಸಮಬಲ. 2016ರಲ್ಲಿ ಹಿಲರಿ 4, ಟ್ರಂಪ್ 2. ಭವಿಷ್ಯ ಕೇಳುವುದಾದರೆ ಈ ಊರಿಗಿಂತ ಗಿಳಿಶಾಸ್ತ್ರದವನೇ ವಾಸಿ.

ಪಕ್ಕದ ಮಿಲ್ಸ್‌ಫೀಲ್ಡ್‌ನಲ್ಲಿ ಗಾಳಿ ಪೂರ್ತಿ ಬೇರೆ. 2020ರಲ್ಲಿ ಡಿಕ್ಸ್‌ವಿಲ್‌ನ ಐದಕ್ಕೆ ಐದೂ ವೋಟು ಬೈಡನ್‌ಗೆ ಹೋದರೆ, ಅದೇ ರಾತ್ರಿ ಮಿಲ್ಸ್‌ಫೀಲ್ಡ್‌ನಲ್ಲಿ ಟ್ರಂಪ್ 16, ಬೈಡನ್ 5.

ಐದಕ್ಕೆ ಐದು ಎಂದರೆ ಗುಪ್ತ ಮತದಾನದ ಗತಿಯೇನು? ಅಷ್ಟೇ, ಗುಟ್ಟು ಉಳಿಯಲಿಲ್ಲ.

ಮತಪತ್ರದಲ್ಲಿ ಹೆಸರಿಲ್ಲದವರೂ ಇಲ್ಲಿ ಗೆದ್ದಿದ್ದಾರೆ. ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ‘ಪ್ರೈಮರಿ’ ಅಲ್ಲಿ ಬೇರೆಯಾಗಿ ನಡೆಯುತ್ತದೆ. 2020ರ ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಮೈಕೆಲ್ ಬ್ಲೂಮ್‌ಬರ್ಗ್ ಹೆಸರು ಮತಪತ್ರದಲ್ಲಿ ಅಚ್ಚಾಗಿರಲಿಲ್ಲ. ಆದರೂ ಮೂವರು ಕೈಯಾರೆ ಬರೆದು ವೋಟು ಹಾಕಿದರು. ಇಬ್ಬರು ಡೆಮಾಕ್ರಟಿಕ್ ಮತಪತ್ರದಲ್ಲಿ. ಒಬ್ಬರು, ತಮಾಷೆಯೆಂದರೆ, ರಿಪಬ್ಲಿಕನ್ ಮತಪತ್ರದಲ್ಲಿ. ಎರಡೂ ಕಡೆ ಅವರೇ ಮೊದಲು! 2024ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಆರಕ್ಕೆ ಆರೂ ನಿಕ್ಕಿ ಹೇಲಿಗೆ ಬಿದ್ದವು. ಅದೇ ದಿನ ಇಡೀ ರಾಜ್ಯ ಟ್ರಂಪ್ ಕೈ ಹಿಡಿಯಿತು.

ನಮ್ಮಲ್ಲಿ ಕೊನೆಯ ಹಂತದ ಮತದಾನ ಮುಗಿಯುವ ತನಕ ಎಕ್ಸಿಟ್ ಪೋಲ್ ಕೂಡ ತೋರಿಸುವಂತಿಲ್ಲ. ಅಲ್ಲಿ ದೇಶ ಮತಗಟ್ಟೆಗೆ ಹೊರಡುವ ಮುನ್ನವೇ ಈ ಊರಿನ ಅಂಕಿ ಟೀವಿಯಲ್ಲಿ.

ನಮ್ಮ ಮತದಾರರ ಪಟ್ಟಿಯಲ್ಲಿ ಇಲ್ಲದ ಒಂದು ಕಾಲಂ ನ್ಯೂ ಹ್ಯಾಂಪ್‌ಶೈರ್‌ನ ಪಟ್ಟಿಯಲ್ಲಿದೆ: ಪಕ್ಷ. ಇಷ್ಟವಿಲ್ಲದಿದ್ದರೆ ‘ಘೋಷಿಸಿಲ್ಲ’ ಎಂದು ಬರೆಸಬಹುದು. 2024ರ ನವೆಂಬರ್‌ನಲ್ಲಿ ಡಿಕ್ಸ್‌ವಿಲ್‌ನವರು ಅಕಾರ್ಡಿಯನ್ ಮೇಲೆ ರಾಷ್ಟ್ರಗೀತೆ ನುಡಿಸಿ ವೋಟಿಗೆ ಕೂತಾಗ ಪಟ್ಟಿಯಲ್ಲಿದ್ದವರು ಆರು: ನಾಲ್ವರು ರಿಪಬ್ಲಿಕನ್ನರು, ಇಬ್ಬರು ಘೋಷಿಸದವರು. ಎಣಿಸಿದರೆ ಹ್ಯಾರಿಸ್ 3, ಟ್ರಂಪ್ 3. ಅಂದರೆ ನಾಲ್ವರಲ್ಲಿ ಒಬ್ಬರಾದರೂ ಬೇಲಿ ಹಾರಿದ್ದಾರೆ. ಬೆಳಗ್ಗೆ ಎದ್ದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕಾದವರು ಅದೇ ಆರು ಜನ.