ಮಾಂಸಖಂಡದೊಳಗಿನ ಬಿತ್ತನೆ ಬೀಜ

ಎತ್ತಿನ ತೊಡೆ ಉಳುಕಿದರೆ ನಮ್ಮ ಕಡೆ ಮೊದಲು ನೆನಪಾಗುವುದು ಕಾಯಿಸಿದ ಕಬ್ಬಿಣ. ಬರೆ ಎಳೆದರೆ ನೋವು ಹೀರುತ್ತದೆ ಅಂತ ನಂಬಿಕೆ. ಅದಕ್ಕೂ ಬಗ್ಗದಿದ್ದರೆ ಸಂತೆ. ಈ ಎರಡಕ್ಕೂ ಮುಂಚೆ, ಹರಿದ ಮಾಂಸಖಂಡ ತನ್ನನ್ನು ತಾನೇ ಹೇಗೆ ರಿಪೇರಿ ಮಾಡಿಕೊಳ್ಳುತ್ತದೆ ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು. ನಾನು ಓದಿದ್ದು ಏಳನೇ ಕ್ಲಾಸು. ಬೀದರಿನಲ್ಲಿ ಪಶುವೈದ್ಯಕೀಯ ಓದಿದ ನನ್ನ ತಂಗಿಯ ಮಗಳು ಹಬ್ಬಕ್ಕೆ ಬಂದಾಗಲೆಲ್ಲ ಕೂತು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಬರೆಯುತ್ತಿದ್ದೇನೆ.

ಕತ್ತಾಳೆ ಹಗ್ಗ ಬಿಚ್ಚಿದರೆ ಹುರಿ, ಹುರಿ ಬಿಚ್ಚಿದರೆ ನಾರು. ಮಾಂಸಖಂಡವೂ ಹಾಗೇ. ಅದರ ಒಂದೊಂದು ನಾರೂ ಒಂದೊಂದು ಉದ್ದನೆಯ ಜೀವಕೋಶ. ಬಲಿತ ನಾರು ಒಡೆದು ಎರಡಾಗುವುದಿಲ್ಲ, ಕಾಳು ಕಟ್ಟಿದ ದಂಟು ಮತ್ತೆ ಮೊಳೆಯದ ಹಾಗೆ. ಹಾಗಾದರೆ ಹರಿದದ್ದು ಕೂಡುವುದು ಹೇಗೆ?

1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೊ ಎಂಬವರು ಕಪ್ಪೆಯ ಮಾಂಸಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ನಾರಿಗೂ ಅದರ ಹೊರಗವಸಿಗೂ ನಡುವೆ ಅಂಟಿಕೊಂಡ ಸಣ್ಣ ಕೋಶಗಳನ್ನು ಕಂಡರು. ನಾರಿನ ಮಗ್ಗುಲಲ್ಲೇ ಇರುವುದರಿಂದ ಉಪಗ್ರಹ ಕೋಶ ಎಂದು ಹೆಸರಾಯಿತು. ಇವೇ ಮಾಂಸಖಂಡದ ಕಾಂಡಕೋಶಗಳು. ಪೇಪರಿನಲ್ಲಿ ಸ್ಟೆಮ್ ಸೆಲ್ ಅಂತ ಬರೆಯುತ್ತಾರಲ್ಲ, ಆ ಜಾತಿ.

ಇವನ್ನು ಬಿತ್ತನೆಗೆಂದು ತೆಗೆದಿಟ್ಟ ರಾಗಿ ಅನ್ನಿ. ಊಟಕ್ಕಲ್ಲ, ಮಾರಾಟಕ್ಕಲ್ಲ, ಸುಮ್ಮನೆ ಮಲಗಿರುತ್ತವೆ. ಹಾಗೆ ಮಲಗಿರುವುದೂ ಒಂದು ಕೆಲಸವೇ ಅಂತೆ. ಆ ನಿದ್ದೆಯ ಗುಟ್ಟನ್ನು ಹೈದರಾಬಾದಿನ ಸಿಸಿಎಂಬಿ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗಳಲ್ಲಿ ಜ್ಯೋತ್ಸ್ನಾ ಧವನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಇನ್‌ಸ್ಟೆಮ್ ಇರುವುದು ಜಿಕೆವಿಕೆ ಆವರಣದಲ್ಲಿ. ಕೃಷಿಮೇಳಕ್ಕೆ ಹೋದ ನಮ್ಮವರು ಅದರ ಆಸುಪಾಸಿನಲ್ಲೇ ಓಡಾಡಿ ಬಂದಿರುತ್ತಾರೆ, ಗೊತ್ತಿರುವುದಿಲ್ಲ ಅಷ್ಟೇ.

ಪೆಟ್ಟು ಬಿತ್ತು ಅಂತಿಟ್ಟುಕೊಳ್ಳಿ. ಮೊದಲು ರಕ್ತದಿಂದ ಬಿಳಿಕೋಶಗಳು ನುಗ್ಗುತ್ತವೆ. ಜಾಗ ಊದುತ್ತದೆ, ಬಿಸಿಯಾಗುತ್ತದೆ. ಇವು ಸತ್ತ ನಾರನ್ನು ತಿಂದು ತೆಗೆಯುತ್ತವೆ. ನಾವು ಕೂಳೆ ಆಯ್ದು ಹೊಲ ಹಸನು ಮಾಡಿದ ಹಾಗೆ. ಇಲಿಗಳಲ್ಲಿ ಈ ಸ್ವಚ್ಛ ಮಾಡುವ ಕೋಶಗಳನ್ನು ಇಲ್ಲದಂತೆ ಮಾಡಿ ನೋಡಿದ್ದಾರೆ, ರಿಪೇರಿಯೇ ಕೆಟ್ಟಿತು. ಇದೇ ಹೊತ್ತಿಗೆ ಮಲಗಿದ್ದ ಬೀಜಕೋಶಗಳು ಎದ್ದು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹೆಚ್ಚಿದವುಗಳಲ್ಲಿ ಕೆಲವು ಮತ್ತೆ ಹೋಗಿ ಮಲಗುತ್ತವೆ, ಮುಂದಿನ ಪೆಟ್ಟಿಗೆ ಬೀಜ ಬೇಕಲ್ಲ. ಉಳಿದವು ಒಂದಕ್ಕೊಂದು ಬೆಸೆದು, ಹಳೇ ಗವಸಿನೊಳಗೇ ಹೊಸ ನಾರಾಗುತ್ತವೆ. ಇಲಿಯ ಕಾಲಿನಲ್ಲಿ ಒಂದು ವಾರಕ್ಕೆ ಎಳೆ ನಾರು ಕಾಣುತ್ತದೆ. ಮೂರು ನಾಲ್ಕು ವಾರಕ್ಕೆ ಹೆಚ್ಚುಕಮ್ಮಿ ಮೊದಲಿನಂತೆ.

ಆ ಗವಸು ಹೊಲದ ಬದು ಇದ್ದಂತೆ. ಬದು ಉಳಿದರೆ ಬೆಳೆ ಸಾಲಾಗಿ ಬರುತ್ತದೆ. ಮಾಂಸ ದೊಡ್ಡದಾಗಿ ಕಿತ್ತು ಗವಸೂ ಹೋದರೆ ಅಲ್ಲಿ ತುಂಬುವುದು ಗಟ್ಟಿ ಕಲೆ. ಕಲೆಗೆ ಎಳೆಯುವ ಶಕ್ತಿ ಇಲ್ಲ. ಬರೆ ಹಾಕುವವರು ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಬೇಕು. ಬರೆಯಿಂದ ಚರ್ಮ ಸುಟ್ಟು ಇನ್ನೊಂದು ಗಾಯವಾಗುತ್ತದೆ. ಆಳಕ್ಕೆ ಇಳಿದರೆ ಬೀಜವೂ ಸುಡುತ್ತದೆ, ಬದುವೂ ಸುಡುತ್ತದೆ.

ಒಂದು ಎಚ್ಚರಿಕೆ. ಊದಿದ ತೊಡೆಯೆಲ್ಲ ಉಳುಕಲ್ಲ. ಎಳೇ ದನ, ಜೋರು ಜ್ವರ, ಊತ ಒತ್ತಿದರೆ ಚರಚರ ಸದ್ದು ಬಂದರೆ ಅದು ಚಪ್ಪೆರೋಗ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ತಕ್ಷಣ ಡಾಕ್ಟರನ್ನು ಕರೆಯಿರಿ.

2022ರ ಮುಂಗಾರಿನಲ್ಲಿ ನಮ್ಮ ಎಡಗಡೆ ಎತ್ತು ಹಳ್ಳ ಇಳಿಯುವಾಗ ಜಾರಿ ತೊಡೆ ಹರಕೊಂಡಿತು. ಮೂಳೆ, ಕೀಲು ಸರಿ ಇದೆ, ಆರು ವಾರ ನೊಗ ಬೇಡ ಅಂದರು ಡಾಕ್ಟರು. ಶೇಂಗಾ ಬಿತ್ತನೆ ಎದುರಿಗಿತ್ತು. ಮುಯ್ಯಿಗೆ ಬೇರೆ ಜೋಡಿ ತಂದು ಬಿತ್ತಿದೆ. ಎತ್ತನ್ನು ಮೊದಲ ಹತ್ತು ದಿನ ಮೆತ್ತನೆ ನೆಲದಲ್ಲಿ ಕಟ್ಟಿದೆ, ಆಮೇಲೆ ನೀರಿಗೆ ನಡೆಸಿದೆ, ಆಮೇಲೆ ಬರೀ ನೊಗ. ಬಹಳ ದಿನ ಕಟ್ಟಿಯೇ ಹಾಕಿದರೂ ಮಾಂಸ ಕರಗುತ್ತದೆ, ಹೊಸ ನಾರು ಬಲಿಯಲು ಹಿತವಾದ ಕೆಲಸ ಬೇಕು. ಎಡೆಕುಂಟೆ ಹೊತ್ತಿಗೆ ಜೊತೆ ಕೊಟ್ಟಿತು. ಮುದಿ ಎತ್ತಿಗೆ ಇನ್ನೂ ನಿಧಾನ. ಹಾಗಂತ ಮುಪ್ಪಿನಲ್ಲಿ ಬೀಜವೇ ಸತ್ತಿರುವುದಿಲ್ಲ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನವರು ಮುದಿ ಇಲಿಗೆ ಎಳೇ ಇಲಿಯ ರಕ್ತ ಹರಿಯುವಂತೆ ಎರಡನ್ನೂ ಜೋಡಿಸಿದಾಗ ಮುದಿ ಮಾಂಸದ ಬೀಜವೂ ಚುರುಕಾಯಿತು.

ಇನ್ನು ಮನುಷ್ಯರ ವಿಚಾರ. ನಾನು ಇದನ್ನು ಬರೆಯಲು ಕೂತದ್ದೇ ಇದಕ್ಕಾಗಿ. ನಮ್ಮ ನೆಂಟರ ಹುಡುಗನೊಬ್ಬ ನಾಲ್ಕು ವರ್ಷಕ್ಕೇ ಎಡವಿ ಎಡವಿ ಬೀಳುತ್ತಿದ್ದ. ಮೀನಖಂಡ ದಪ್ಪ, ಏಳಬೇಕಾದರೆ ಕೈಯನ್ನು ತೊಡೆಗೆ ಊರಿ ಏಳುವನು. ಡುಶೆನ್ ಅಂತ ಕಾಯಿಲೆ, ಬಹುಪಾಲು ಗಂಡುಮಕ್ಕಳಿಗೆ ಬರುತ್ತದೆ. ನಾರಿಗೆ ಬಲ ಕೊಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನೇ ಹುಟ್ಟುವುದಿಲ್ಲ. ಓಡಾಡಿದಷ್ಟೂ ನಾರು ಹರಿಯುತ್ತದೆ. ಬೀಜಕೋಶ ಬಿತ್ತಿದ್ದೇ ಬಿತ್ತಿದ್ದು, ಹುಟ್ಟುವ ಹೊಸ ನಾರಿಗೂ ಅದೇ ಕೊರತೆ. ಕೊನೆಗೆ ಕೈಸೋತು ಮಾಂಸದ ಜಾಗದಲ್ಲಿ ಕೊಬ್ಬು, ಕಲೆ ತುಂಬುತ್ತದೆ.

ಒಂದು ಖಾಸಗಿ ಕಡೆ ಈ ಹುಡುಗನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಓಡಾಡುತ್ತಾನೆ ಅಂತ ಲಕ್ಷಗಟ್ಟಲೆ ಕೇಳಿದರು. ಅಪ್ಪ ಎರಡು ಎಕರೆ ಮಾರಲು ಹೊರಟ. ತಂಗಿಯ ಮಗಳು ತಡೆದಳು. 1990ರ ದಶಕದಲ್ಲೇ ಅಮೆರಿಕ, ಕೆನಡಾಗಳಲ್ಲಿ ಬೇರೆಯವರ ಮಾಂಸಖಂಡದ ಕೋಶ ಬೆಳೆಸಿ ಇಂಥ ಹುಡುಗರಿಗೆ ಚುಚ್ಚಿ ನೋಡಿದ್ದರು. ಹೆಚ್ಚಿನವು ಬೇಗ ಸತ್ತವು, ಉಳಿದವು ಸೂಜಿ ಹೋದ ದಾರಿ ಬಿಟ್ಟು ಕದಲಲಿಲ್ಲ, ಹುಡುಗರಿಗೆ ಹೇಳಿಕೊಳ್ಳುವಂಥ ಬಲ ಬರಲಿಲ್ಲ. ಐಸಿಎಂಆರ್ 2017ರ ಮಾರ್ಗಸೂಚಿ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟು ಉಳಿದ ಕಾಂಡಕೋಶ ಚಿಕಿತ್ಸೆಯೆಲ್ಲ ಪ್ರಯೋಗ ಮಾತ್ರ ಎನ್ನುತ್ತದೆ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ಕೇಳಬಾರದು ಅಂತಲೂ ಅದರಲ್ಲಿದೆ. ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಮನೆಯ ಮಗು ಹೀಗೆ ಏಳುತ್ತಿದ್ದರೆ ಮೊದಲು ರಕ್ತದಲ್ಲಿ ಸಿಕೆ ಪರೀಕ್ಷೆ ಮಾಡಿಸಿ, ನಂತರ ಜೀನ್ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗ ನೋಡುತ್ತಾರೆ. ಸ್ಟೆರಾಯ್ಡ್ ಮಾತ್ರೆ, ಹಿತವಾದ ವ್ಯಾಯಾಮಗಳಿಂದ ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ನಡೆದಾಡುವ ವರ್ಷಗಳು ಹೆಚ್ಚುತ್ತವೆ. ನಮ್ಮ ಹುಡುಗನಿಗೆ ಈಗ ಒಂಬತ್ತು. ಮಾತ್ರೆ ನುಂಗಿ, ಅಣ್ಣನ ಕೈ ಹಿಡಿದು ಸ್ಕೂಲಿಗೆ ನಡೆದು ಹೋಗುತ್ತಾನೆ. ಎರಡು ಎಕರೆಯಲ್ಲಿ ಈ ಸಲ ಸಜ್ಜೆ ಹಾಕಿದ್ದಾರೆ.